ದಿಬ್ಬಣದ ಸಂಜೆಯೂ ನನ್ನ ಅಡಾಪ್ಟರೂ

ನಾನು ಬರೆದ ಪ್ರೋಗ್ರಾಮಿನಲ್ಲಿ ಒಂದೇ ಒಂದು ತಪ್ಪಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ!

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಚನ್ನಗಿರಿಯ ಅಡಿಕೆ ಬೆಳೆಗಾರರ ಸಂಘವೊಂದರಲ್ಲಿ ನಾನು ಗುಮಾಸ್ತ. ಸಂಘಕ್ಕೆ ಒಂದು ಕಂಪ್ಯೂಟರ್ ಬಂದಾಗ, ಬಿ.ಎಸ್ಸಿ. ಓದಿದ್ದಾನೆ ಎಂಬ ಏಕೈಕ ಅಪರಾಧಕ್ಕಾಗಿ ನನ್ನನ್ನು ಅದರ ಮುಂದೆ ಕೂರಿಸಿದರು. ನಾವು ಚಪ್ಪಲಿ ಹೊರಗೆ ಬಿಟ್ಟು ಆ ಕೋಣೆಗೆ ಹೋಗುತ್ತಿದ್ದೆವು. ದಾವಣಗೆರೆಯ ಮುಖ್ಯ ಕಚೇರಿಯಲ್ಲಿ ಇನ್ನೂ ದೊಡ್ಡದೊಂದು ಇತ್ತು. ಅದನ್ನು ಸರ್ವರ್ ಎನ್ನುತ್ತಿದ್ದರು. ನಮ್ಮದು ಮೇಜಿನ ಮೇಲೆ ಕೂತರೆ, ಅದು ಏಸಿ ಹಾಕಿಸಿಕೊಂಡು ಬೇರೆ ಕೋಣೆಯಲ್ಲೇ ಕೂತಿತ್ತು.

ಸಂಘಕ್ಕೆ ಚನ್ನಗಿರಿಯಲ್ಲಿ ಒಂದು ಸಮುದಾಯ ಭವನವಿದೆ. ಮದುವೆ, ಸಭೆ, ಎಲ್ಲಕ್ಕೂ ಊರಿನವರಿಗೆ ಅದೇ ದಿಕ್ಕು. ಅದನ್ನು ನಾವೂ ಬಾಡಿಗೆಗೆ ಕೊಡುತ್ತಿದ್ದೆವು, ಮುಖ್ಯ ಕಚೇರಿಯವರೂ ಕೊಡುತ್ತಿದ್ದರು. ಯಾರು ಕೇಳಿದರೂ ಒಂದು ಟ್ರಂಕ್ ಕಾಲ್ ಮಾಡಿ, ಇಡೀ ಬೀದಿಗೆ ಕೇಳುವ ಹಾಗೆ ಕಿರುಚಿ, ಆ ದಿನ ಖಾಲಿ ಇದೆಯೋ ಇಲ್ಲವೋ ಎಂದು ವಿಚಾರಿಸಬೇಕು. ಈ ಅನಾಗರಿಕ ಪದ್ಧತಿಗೆ ಮಂಗಳ ಹಾಡಲು ನಾನು ಸಂಕಲ್ಪ ಮಾಡಿದೆ. ನಮ್ಮ ಕಂಪ್ಯೂಟರಿನಲ್ಲಿ ಬುಕಿಂಗ್ ಬರೆದಿಡುವ ಡಿಬೇಸ್ ಕಡತವನ್ನೂ ದಾವಣಗೆರೆಯ ಸರ್ವರಿನ ಡೇಟಾಬೇಸನ್ನೂ ಜೋಡಿಸುವ ಒಂದು ಅಡಾಪ್ಟರ್ ಬರೆಯುವುದು. ವಾರಕ್ಕೊಮ್ಮೆ ಫ್ಲಾಪಿ ಹಿಡಿದು ದಾವಣಗೆರೆ ಬಸ್ಸು ಹತ್ತಿದರೆ ಸಾಕು, ಎರಡೂ ಕಡೆಯ ಬುಕಿಂಗ್ ಒಂದಾಗುತ್ತದೆ. ಒಂದು ದಿನಕ್ಕೆ ಎರಡು ಹೆಸರು ಬಂದರೆ ಪ್ರೋಗ್ರಾಂ ಪೀಂ ಎಂದು ಕೂಗಿ ನಿಲ್ಲುತ್ತದೆ.

"ಅಡಾಪ್ಟರ್ ಅಂದ್ರೇನ್ರೀ?" ಎಂದಳು ನನ್ನ ಹೆಂಡತಿ ಗಿರಿಜಾ.

"ಇಸ್ತ್ರಿ ಪೆಟ್ಟಿಗೆ ಪ್ಲಗ್ಗು ಗೋಡೆಗೆ ಹೊಂದದಿದ್ರೆ ಮಧ್ಯೆ ಒಂದು ಸಿಕ್ಕಿಸ್ತೀವಲ್ಲ, ಅಂಥದ್ದು."

"ಅದು ಬಿಸಿಯಾಗಿ ಸುಟ್ಟು ವಾಸನೆ ಬರ್ತೈತಲ್ರೀ!"

ಈ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ವಿಜ್ಞಾನಿಗಳ ಮನೆಯಲ್ಲಿ ಇಂಥದ್ದು ಇದ್ದದ್ದೇ.

ಬರೆಯುವುದು ಸುಲಭವಿರಲಿಲ್ಲ. ನಮ್ಮ ಯಂತ್ರ ತಿಂಗಳನ್ನು ಮೊದಲು ಹೇಳಿ ಆಮೇಲೆ ದಿನ ಹೇಳುತ್ತಿತ್ತು. ಅವರದು ವರ್ಷದಿಂದ ಶುರು ಮಾಡುತ್ತಿತ್ತು. ಅದನ್ನೆಲ್ಲ ಸರಿಪಡಿಸಿದೆ. ನಮ್ಮ ಕಡೆಯ ತಾರೀಖು ಕೂದಲೆಳೆಯಷ್ಟೂ ಕೊಂಕದೆ ಅವರ ಕಡೆ ಹೋಗಿ ಕೂತಾಗ ನಾನು ಕುರ್ಚಿಯಿಂದೆದ್ದು ನನಗೆ ನಾನೇ ಕೈ ಕುಲುಕಿಕೊಂಡೆ. ಆವತ್ತಿನಿಂದ ಟ್ರಂಕ್ ಕಾಲ್ ಬಂದ್!

ಅಷ್ಟರಲ್ಲಿ ಗಿರಿಜಾಳ ತಂಗಿ ಪುಷ್ಪಾಳಿಗೆ ಜಗಳೂರಿನ ಗಂಡು ಗೊತ್ತಾಯಿತು. ಈ ಹುಡುಗಿಗೆ ಎರಡು ಸಂಬಂಧ ಮಾತುಕತೆಯಲ್ಲೇ ಮುರಿದಿದ್ದವು. ಮೂರನೆಯದೂ ಹೋದರೆ ಜನ ಏನೆಂದಾರು ಎಂದು ನ್ಯಾಮತಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಮಾವ ಊಟ ನಿದ್ದೆ ಬಿಟ್ಟಿದ್ದರು. ಅವರು ನನಗೆ ವಹಿಸಿದ್ದು ಒಂದೇ ಕೆಲಸ.

"ಅಳಿಯಂದ್ರೇ, ಹಾಲ್ ಒಂದು ನಿಮ್ಮ ಜವಾಬ್ದಾರಿ. ಬ್ಯಾರೆ ಏನೂ ಮಾಡಾಕೆ ಹೋಗಬ್ಯಾಡ್ರಿ."

"ಮಾವ, ಕಂಪ್ಯೂಟರ್‌ನಲ್ಲೇ ಬುಕ್ ಮಾಡೀನಿ," ಎಂದೆ ಗಂಭೀರವಾಗಿ. ಸೋಮವಾರ ಬೆಳಗ್ಗೆ ಮುಹೂರ್ತ. ಸೋಮವಾರದ ತಾರೀಖು ಹಾಕಿದೆ. ದಾವಣಗೆರೆಗೆ ಹೋಗಿ ಅಡಾಪ್ಟರ್ ಓಡಿಸಿದೆ. ಪೀಂ ಎನ್ನಲಿಲ್ಲ. ಸಂತೋಷದಿಂದ ಬೆಣ್ಣೆ ದೋಸೆ ತಿಂದು ಬಂದೆ.

ಭಾನುವಾರ ಮಧ್ಯಾಹ್ನ ಹೆಣ್ಣಿನ ಕಡೆಯವರೆಲ್ಲ ನಮ್ಮ ಮನೆಯಲ್ಲಿ ಇಳಿದಿದ್ದರು. ಭವನದ ಹಿಂದೆ ಅಡುಗೆಯವರು ಒಲೆ ಹೂಡಿದ್ದರು. ಒಳಗೆ ಇಣುಕಿದರೆ ಯಾರೋ ಅಪರಿಚಿತರು ತಾವಾಗಿಯೇ ಸಾಲಾಗಿ ಕುರ್ಚಿ ಹಾಕುತ್ತಿದ್ದಾರೆ!

"ಯಾರು ಕಳಿಸಿದ್ದು ನಿಮ್ಮನ್ನ?"

"ಹೆಡ್ ಆಫೀಸಿನೋರು, ಸಾರ್."

ನನ್ನ ಎದೆ ಉಬ್ಬಿತು. ಸಿಬ್ಬಂದಿಯ ಮನೆಯ ಮದುವೆ ಎಂದು ತಿಳಿದು ಸಹಾಯಕ್ಕೆ ಕಳಿಸಿದ್ದಾರೆ! ಅವರಲ್ಲೊಬ್ಬ ಪೇಪರ್ ಸುತ್ತಿದ ದೊಡ್ಡ ಫೋಟೋ ತಂದು, "ಇದನ್ನ ಎಲ್ಲಿ ಇಡಾನ?" ಎಂದ. ಯಾವುದೋ ದೇವರ ಪಟವಿರಬೇಕು. "ವೇದಿಕೆ ಮಧ್ಯದಾಗೆ ಇಡ್ರಿ. ಮಾಲೆ ದೊಡ್ಡದೇ ಹಾಕ್ರಿ. ದೀಪಾನೂ ಹಚ್ಚಿಬಿಡ್ರಿ," ಎಂದು ಆಜ್ಞೆ ಮಾಡಿ ಹೊರಟುಹೋದೆ.

ಸಂಜೆ ಜಗಳೂರಿನ ಬಸ್ಸು ಬಂತು. ಬ್ಯಾಂಡ್‌ನವರು ಶುರುಮಾಡಿದರು. ಆರತಿ ತಟ್ಟೆ ಹಿಡಿದ ಹೆಂಗಸರ ಮುಂದೆ ನಾನು ರೇಷ್ಮೆ ಶಲ್ಯ ಹೊದ್ದು ಭವನದ ಬಾಗಿಲು ತೆಗೆದೆ.

ಒಳಗೆ ಸಭೆ ತುಂಬಿತ್ತು. ಎಲ್ಲರೂ ಎದ್ದು ನಿಂತು ತಲೆ ಬಗ್ಗಿಸಿ ಮೌನ ಆಚರಿಸುತ್ತಿದ್ದರು. ವೇದಿಕೆಯ ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂಬ ಬ್ಯಾನರು. ಅದರ ಕೆಳಗೆ, ನನ್ನ ಆಜ್ಞೆಯಂತೆ ದೊಡ್ಡದೇ ಮಾಲೆ ಹಾಕಿಸಿಕೊಂಡು, ಸಂಘದ ಹಳೆಯ ನಿರ್ದೇಶಕ ಹೊನ್ನಾಳಿಯ ಶಿವಲಿಂಗಪ್ಪನವರು ನಗುತ್ತಿದ್ದರು. ಹೋದ ತಿಂಗಳು ತೀರಿಕೊಂಡವರು.

ಬ್ಯಾಂಡಿನವರು ಮಾತ್ರ ನಿಲ್ಲಿಸಲಿಲ್ಲ!

ಏನಾಗಿದೆ ಎಂದು ನನಗೆ ಆಗಲೇ ಹೊಳೆಯಿತು. ನಮ್ಮ ಕಡೆ ಸೋಮವಾರ ಮದುವೆ ಎಂದರೆ ಭಾನುವಾರ ಸಂಜೆಗೇ ದಿಬ್ಬಣ ಬರುತ್ತದೆ. ಹಾಲ್ ಆ ಸಂಜೆಯಿಂದಲೇ ಮದುವೆಯವರದು. ಇದು ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಯಾರೂ ಬರೆಯುವುದಿಲ್ಲ. ಟ್ರಂಕ್ ಕಾಲಿನಲ್ಲಿ ಕಿರುಚುವಾಗ "ಏನು, ಮದುವೇನಾ? ಹಂಗಾರೆ ಹಿಂದಿನ ಸಂಜೆ ನಾವು ಯಾರಿಗೂ ಕೊಡಲ್ಲ ಬಿಡ್ರಿ" ಎಂದು ಆ ಕಡೆಯವರು ಅವರಾಗಿಯೇ ಹೇಳಿಬಿಡುತ್ತಿದ್ದರು. ನನ್ನ ಅಡಾಪ್ಟರ್ ತಾರೀಖನ್ನು ದಾಟಿಸಿತ್ತು, ಅದರ ಹಿಂದಿನ ಸಂಜೆಯನ್ನು ದಾಟಿಸಿರಲಿಲ್ಲ. ನಾನೂ ಹಿಂದಿನ ಸಂಜೆಯೇ ದಿಬ್ಬಣದಲ್ಲಿ ಬಂದು ಮದುವೆಯಾದವನು. ನನಗೆ ಗೊತ್ತಿರಲಿಲ್ಲ ಎನ್ನಲು ಬಾಯಿಲ್ಲ.

ಬಸ್ಸಿನ ಬಾಗಿಲಲ್ಲಿ ಗಂಡಿನ ಸೋದರಮಾವ ನಿಂತಿದ್ದರು. ಮೀಸೆ ನಡುಗುತ್ತಿತ್ತು. "ಸತ್ತೋರ ಸಭೆಗೆ ದಿಬ್ಬಣ ಕರೆಸೀರೇನ್ರೀ? ಇದು ಒಳ್ಳೇ ಶಕುನ ಅಲ್ಲ. ಡ್ರೈವರ್, ಗಾಡಿ ತಿರುಗಿಸಪ್ಪ!"

ಮಾವ ಗೋಡೆಗೆ ಒರಗಿ ಕೂತುಬಿಟ್ಟರು. ಪುಷ್ಪಾ ನನ್ನನ್ನೇ ನೋಡಿದಳು. "ಭಾವ, ಏನಾರ ಮಾಡ್ರಿ," ಎಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಆ ಹೊತ್ತಿಗೆ ನನ್ನ ಬಿ.ಎಸ್ಸಿ.ಯನ್ನು ಯಾರಾದರೂ ಕೇಳಿದ್ದರೆ ಸುಮ್ಮನೆ ಕೊಟ್ಟುಬಿಡುತ್ತಿದ್ದೆ.

ನಾನು ಒಳಗೆ ಓಡಿದೆ. ಸಭೆಯ ಅಧ್ಯಕ್ಷರು, "ನಾವು ಕದಲಂಗಿಲ್ಲ. ಇನ್ನೂ ಮಾತಾಡೋರು ಬಹಳ ಜನ ಅದಾರೆ," ಎಂದರು. ಹೊರಗೆ ಓಡಿ ಬಂದು, "ಈಗ ಮುಗೀತಂತೆ, ಎದ್ದೇಬಿಟ್ರು," ಎಂದೆ. ಸೋದರಮಾವ, "ಒಂದು ಕ್ಷಣ ನಿಲ್ಲಲ್ಲ, ಇಂಥ ಮನೆತನದ ಸಂಬಂಧಾನೇ ಬ್ಯಾಡ," ಎಂದರು. ಒಳಗೆ ಹೋಗಿ, "ಬೀಗರಿಗೂ ಶಿವಲಿಂಗಪ್ಪನವರ ಮೇಲೆ ಅಪಾರ ಗೌರವ. ಅವರೂ ನಾಲ್ಕು ಮಾತು ಆಡ್ಬೇಕಂತಾರೆ," ಎಂದೆ. ಎರಡೂ ಕಡೆಗೆ ಹೊಂದುವ ಹಾಗೆ ಮಾತು ಬದಲಾಯಿಸುವುದೇ ನನ್ನ ಕಸುಬಲ್ಲವೇ!

ಅಧ್ಯಕ್ಷರು ಸಭ್ಯರು. ಮೈಕ್ ಹಿಡಿದು, "ಜಗಳೂರಿನಿಂದ ಬಂದ ಹಿರಿಯರು ಈಗ ಮೃತರ ಬಗ್ಗೆ ಎರಡು ಮಾತಾಡ್ತಾರೆ," ಎಂದು ಘೋಷಿಸಿಯೇಬಿಟ್ಟರು. ಸ್ಪೀಕರ್ ಇದ್ದದ್ದು ಹೊರಗೆ, ಬಸ್ಸಿನ ಪಕ್ಕದ ಕಂಬದ ಮೇಲೆ. ಸೋದರಮಾವ ಒಂದು ಸಲ ಸ್ಪೀಕರ್ ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಬಸ್ಸು ಸ್ಟಾರ್ಟ್ ಆಯಿತು.

"ರೀ, ಸಾಕು ಸುಮ್ನಿರ್ರಿ! ಇನ್ನೊಂದು ಮಾತಾಡಿದ್ರೆ ನೋಡ್ರಿ ಮತ್ತೆ!" ಎಂದಳು ಗಿರಿಜಾ, ಆರತಿ ತಟ್ಟೆ ಹಿಡಿದೇ. ನಾನು ಸುಮ್ಮನಾದೆ. ಆ ಸಂಜೆ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಗಿರಿಜಾ ನೇರ ಒಳಗೆ ಹೋಗಿ, ಮುಂದಿನ ಸಾಲಿನಲ್ಲಿ ಕೂತಿದ್ದ ಶಿವಲಿಂಗಪ್ಪನವರ ಹೆಂಡತಿ ಗೌರಮ್ಮನವರ ಪಕ್ಕ ಕುಳಿತು ಏನೋ ಹೇಳಿದಳು. ಆ ತಾಯಿ ಎದ್ದರು. ಬಾಗಿಲವರೆಗೆ ಬಂದು ಅಲ್ಲೇ ನಿಂತರು. ದಿಬ್ಬಣದ ಎದುರಿಗೆ ತಾವು ಬರಬಹುದೋ ಬರಬಾರದೋ ಎಂಬ ಅಳುಕು ಅವರ ಕಾಲಲ್ಲೇ ಕಾಣುತ್ತಿತ್ತು. ಬಸ್ಸಿನ ಕಿಟಕಿಯಲ್ಲಿದ್ದ ಗಂಡಿನ ತಾಯಿಯನ್ನು ಅಲ್ಲಿಂದಲೇ ಕೂಗಿದರು.

"ಅಕ್ಕಾ, ಇಳೀರಿ. ಈ ಹಾಲ್ ಕಟ್ಟಿಸಾಕೆ ನಮ್ಮ ಯಜಮಾನ್ರು ಊರೂರು ತಿರುಗಿದೋರು. ಬಡವ್ರ ಮದುವೆ ಮಳೇಲಿ ನೆನೀಬಾರದು ಅಂತ. ಅವರ ಹೆಸರು ಹೇಳ್ಕೊಂಡು ಒಂದು ದಿಬ್ಬಣ ವಾಪಸ್ ಹೋದ್ರೆ, ನಾನು ಅವರಿಗೆ ಏನಂತ ಹೇಳ್ಲಿ?"

ಬ್ಯಾಂಡ್ ತಾನಾಗಿ ನಿಂತಿತು. ಗಂಡಿನ ತಾಯಿ ಬಸ್ಸಿಳಿದರು. ಅಣ್ಣ ಬೇಡವೆಂದರೂ ಕೇಳಲಿಲ್ಲ. ನೇರ ಹೋಗಿ ಗೌರಮ್ಮನವರ ಕೈ ಹಿಡಿದರು. "ಲಿಂಗೈಕ್ಯ ಆದೋರಿಗೆ ಸೂತಕ ಎಲ್ಲೈತಕ್ಕ? ನೀವೇ ಮುಂದೆ ನಡೀರಿ, ನಾವು ಹಿಂದೆ ಬರ್ತೀವಿ," ಎಂದರು. ಮಧ್ಯೆ ಯಾವ ಅಡಾಪ್ಟರೂ ಇರಲಿಲ್ಲ.

ನನ್ನ ಕಣ್ಣು ತುಂಬಿ ಬಂತು. ನಾಚಿಕೆಯೂ ಅದರಲ್ಲಿ ಸೇರಿತ್ತು.

ಸಭೆಗೆ ಬಂದವರೆಲ್ಲ ಕೂತು ದಿಬ್ಬಣದ ಊಟ ಮಾಡಿದರು. ಶಿವಲಿಂಗಪ್ಪನವರ ಬಗ್ಗೆ ಉಳಿದವರೆಲ್ಲ ಹೋಳಿಗೆ ತಿನ್ನುತ್ತಲೇ ಮಾತಾಡಿದರು. ಸೋದರಮಾವನೂ ಎರಡು ಮಾತಾಡಿದರು! ನನ್ನ ಬಗ್ಗೆಯೂ ಆಡಿದರು, ಅದನ್ನು ಇಲ್ಲಿ ಬರೆಯುವಂತಿಲ್ಲ.

ಮರುವಾರ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ: ಮದುವೆಯಾದರೆ ಹಿಂದಿನ ಸಂಜೆಯೂ ಅವರದೇ. ಈಗ ಅದು ನಿಜಕ್ಕೂ ಪರಿಪೂರ್ಣವಾಗಿತ್ತು. ಆದರೆ ಅದನ್ನು ಮತ್ತೆ ಯಾರೂ ಓಡಿಸಲಿಲ್ಲ. ಟ್ರಂಕ್ ಕಾಲ್‌ಗಳು ಮೊದಲಿನಂತೆ ಶುರುವಾದವು.

ಪುಷ್ಪಾಳ ಮದುವೆ ಆಲ್ಬಂನಲ್ಲಿ ಮೊದಲ ಫೋಟೋ ಈಗಲೂ ಹಾಗೇ ಇದೆ. ಗಂಡು ಹೆಣ್ಣು ನಗುತ್ತಿದ್ದಾರೆ. ಅವರ ಪಕ್ಕದಲ್ಲಿ, ವೇದಿಕೆ ಖಾಲಿ ಮಾಡುವ ಗಡಿಬಿಡಿಯಲ್ಲಿದ್ದ ನಾನು, ಮಾಲೆ ಹಾಕಿದ ಫೋಟೋವನ್ನು ಎದೆಗವಚಿಕೊಂಡು ಪೆಚ್ಚಾಗಿ ನಿಂತಿದ್ದೇನೆ. ಮೊನ್ನೆ ಜಗಳೂರಿಗೆ ಹೋದಾಗ ಯಾರೋ ನೆಂಟರು ಆಲ್ಬಂ ನೋಡುತ್ತಾ, "ಪಕ್ಕದಾಗಿರೋ ಇವರಿಬ್ಬರು ಯಾರು?" ಎಂದು ಕೇಳಿದರು.

ಪುಷ್ಪಾ ಮಾಲೆಯ ಮೇಲೆ ಬೆರಳಿಟ್ಟು, "ಇವರು ಶಿವಲಿಂಗಪ್ಪನೋರು. ಬಾಳ ದೊಡ್ಡ ಮನುಷ್ಯರು, ಅವರಿಂದಲೇ ನನ್ನ ಮದುವೆ ಆಗಿದ್ದು," ಎಂದಳು. ಆಮೇಲೆ ಬೆರಳನ್ನು ಸ್ವಲ್ಪ ಮೇಲಕ್ಕೆ ಸರಿಸಿದಳು.

"ಅವರನ್ನ ಹಿಡ್ಕೊಂಡಿರೋರು ನಮ್ಮ ಭಾವ."