ಮೇಷ್ಟ್ರ ಹೆಂಡತಿಯ ವಿಚಾರಣೆ

ಎಲ್ಲ ಶುರುವಾದದ್ದು ಪೆದಾಯ ಮೇಷ್ಟ್ರ ಹೊದಿಕೆಯ ಮೇಲಿದ್ದ ಒಂದು ಹೊಲಿಗೆಯಿಂದ. ಬಿಳಿಯ ಉಣ್ಣೆಬಟ್ಟೆಗೆ ಕಂದು ದಾರ. ಕುಂಟಕೋಳಿ ನಡೆದುಹೋದಂಥ ಸಾಲು. ಯೆಹೂದ್ಯರ ವಿಶ್ರಾಂತಿದಿನವಾದ ಸಬ್ಬತ್ತಿನ ಹಿಂದಿನ ದಿನ ಬೆಳಿಗ್ಗೆ ಮಗನನ್ನು ಸಭಾಮಂದಿರದ ಪಾಠಕ್ಕೆ ಬಿಡಲು ಬಂದ ತಾಬಿತಾ ಅದನ್ನು ಒಮ್ಮೆ ನೋಡಿದಳು, ಹತ್ತಿರ ಬಂದು ಮತ್ತೊಮ್ಮೆ ನೋಡಿದಳು.

"ಮೇಷ್ಟ್ರೇ, ನೀವು ಈ ಊರಿಗೆ ಬಂದು ಇಪ್ಪತ್ತು ದಿನ ಆಯ್ತು, ಹೆಂಡತಿ ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತಾನೇ ಇದೀರಿ. ಇದು ಹೆಂಡತಿ ಇರೋ ಗಂಡಸಿನ ಬಟ್ಟೆಯಾ?"

ಪೆದಾಯ ಹೊದಿಕೆಯನ್ನು ಮಡಚಿ ಹೊಲಿಗೆಯನ್ನು ಮುಚ್ಚಿಕೊಂಡ. ಅದೇ ತಪ್ಪಾಯಿತು. ಮುಚ್ಚಿಕೊಂಡನೆಂಬ ಸುದ್ದಿ ಅವನಿಗಿಂತ ಮೊದಲೇ ಬಾವಿಕಟ್ಟೆಗೆ ಹೋಗಿ, ಅಲ್ಲಿಂದ ಎಣ್ಣೆಗಾಣಕ್ಕೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಊರ ಹಿರಿಯ ನಕ್ದಿಮೋನನನ್ನು ಕರೆದುಕೊಂಡು ಬಂದಿತು. ನಕ್ದಿಮೋನ ತನ್ನ ನೆರಳನ್ನೂ ಎರಡು ಸಲ ತಿರುಗಿ ನೋಡುವ ಮನುಷ್ಯ.

"ಹೆಂಡತಿ ಜೊತೆಗಿಲ್ಲದವನು ಮಕ್ಕಳಿಗೆ ಶಾಸ್ತ್ರ ಹೇಳಿಕೊಡೋ ಹಾಗಿಲ್ಲ. ದಿನಾ ತಾಯಂದಿರು ಬಂದು ಹೋಗೋ ಜಾಗ ಇದು. ಗೊತ್ತು ತಾನೆ?"

"ಗೊತ್ತು ಹಿರಿಯರೇ. ನನಗೆ ಹೆಂಡತಿ ಇದಾಳೆ."

"ಎಲ್ಲಿ?"

"ತೌರಲ್ಲಿ, ಬೆಟ್ಟದ ಕೆಳಗಿನ ಊರಲ್ಲಿ. ನಮ್ಮತ್ತೆಗೆ ಜ್ವರ, ನೋಡ್ಕೊಳ್ತಿದಾಳೆ."

"ಇಪ್ಪತ್ತು ದಿನದ ಜ್ವರ!" ನಕ್ದಿಮೋನ ಗಡ್ಡ ನೀವಿಕೊಂಡ. "ಇವತ್ತು ಸಂಜೆ ಸಬ್ಬತ್ತಿನ ದೀಪ ಹಚ್ಚೋದರೊಳಗೆ ಕರಕೊಂಡು ಬಾ. ಇಲ್ಲಾಂದ್ರೆ ನಮಗೆ ಬೇರೆ ಮೇಷ್ಟ್ರು."

ಈ ಕೆಲಸ ಹೋದರೆ ಪೆದಾಯನಿಗೆ ಉಳಿಯುವುದು ಚಿಕ್ಕಪ್ಪನ ತೊಗಲು ನೆನೆಹಾಕುವ ಗುಂಡಿ. ಆ ನಾತ ನೆನಪಾದದ್ದೇ ಅವನು ಬೆಟ್ಟ ಇಳಿದು ಓಡಿದ. ಹೆಂಡತಿ ಶಪ್ಪೀರ ಹಿಟ್ಟು ನಾದುತ್ತಿದ್ದಳು. ಅವನು ಕಾಲಿಗೆ ಬೀಳುವವರೆಗೂ ನಾದಿದಳು, ಬಿದ್ದ ಮೇಲೂ ನಾದಿದಳು, ಆಮೇಲೆ ಕೈತೊಳೆದು ಬಟ್ಟೆಗಂಟು ಕಟ್ಟಿದಳು.

ಗಂಡಹೆಂಡಿರು ಊರು ಹೊಕ್ಕಾಗ ಬಾಗಿಲಿಗೊಂದು ತಲೆ.

"ಮಧ್ಯಾಹ್ನ ಕೇಳಿದ್ರೆ ಸಂಜೆಗೆ ಹೆಂಡತಿ! ಎಲ್ಲಿ ಸಿಗ್ತಾರೋ ನಾನೂ ಕಾಣೆ."

"ಗಂಟು ಯಾರ ತಲೆ ಮೇಲಿದೆ ನೋಡು! ಮೇಷ್ಟ್ರೇ ಹೊತ್ತಿದಾರೆ. ಸ್ವಂತ ಹೆಂಡತಿ ಗಂಟನ್ನ ಯಾವ ಗಂಡ ಹೊರ್ತಾನೆ?"

"'ನಿಧಾನ, ಕಲ್ಲಿದೆ' ಅಂದ್ರು ಕಣೇ, ನಾನೇ ಕೇಳಿದೆ," ಎಂದಳು ತಾಬಿತಾ. "ಕರಾರಿನ ಮೇಲೆ ತಂದಿರೋದು, ಸಂಶಯಾನೇ ಬೇಡ."

ನಕ್ದಿಮೋನ ಮದುವೆಪತ್ರ ಕೇಳಿದ. ಅವಸರದಲ್ಲಿ ಅದು ತೌರಿನ ಪೆಟ್ಟಿಗೆಯಲ್ಲೇ ಉಳಿದಿತ್ತು. ಹೋಗಿ ತರುವಷ್ಟು ಹೊತ್ತಿರಲಿಲ್ಲ. ಸರಿ, ಸಾಕ್ಷಿಗಳನ್ನು ವಿಚಾರಿಸುವ ಹಾಗೆ ಇಬ್ಬರನ್ನೂ ಬೇರೆಬೇರೆಯಾಗಿ ಕೇಳುವುದೆಂದು ತೀರ್ಮಾನವಾಯಿತು. ಪೆದಾಯನನ್ನು ಹೊರಗೆ ಅಂಜೂರದ ಮರದಡಿ ನಿಲ್ಲಿಸಿ, ಊರವರು ಸೇರಿದ್ದ ಸಭಾಮಂದಿರದೊಳಗೆ ಶಪ್ಪೀರಳನ್ನು ಕರೆದರು. ಬಾಗಿಲು ಮುಚ್ಚಿತು. ಬಹಳ ಹೊತ್ತಿನ ಮೇಲೆ ತೆರೆಯಿತು.

"ಬಾರಪ್ಪ ಒಳಗೆ," ಎಂದ ನಕ್ದಿಮೋನ. "ನಿಮ್ಮತ್ತೆಗೆ ಜ್ವರ ಅಂದೆ. ಈಕೆ, ನಮ್ಮಮ್ಮ ಇವತ್ತು ಬೆಳಿಗ್ಗೆ ತಾನೇ ಕತ್ತೆ ಜೊತೆ ಜಗಳ ಆಡಿ ಗೆದ್ದಿದಾಳೆ ಅಂತಾಳೆ. ನಿಮ್ಮಿಬ್ಬರಲ್ಲಿ ಒಬ್ಬರದ್ದು ಸುಳ್ಳು."

ಪೆದಾಯ ಹೊದಿಕೆಯ ಹೊಲಿಗೆಯನ್ನು ಮತ್ತೆ ಮುಚ್ಚಿಕೊಂಡ; ನಕ್ದಿಮೋನ ಮುಂದುವರಿಸಿದ.

"ನಿಮ್ಮಿಬ್ಬರ ನಡುವೆ ಒಂದು ಜಗಳ ಆಗಿತ್ತಂತೆ. ಯಾತಕ್ಕೆ ಅಂತಾನೂ ಈಕೆ ನನ್ನೊಬ್ಬನ ಕಿವೀಲಿ ಹೇಳಿದಾಳೆ. ನಿನ್ನ ಬಾಯಲ್ಲೂ ಅದೇ ಬಂದರೆ ಈಕೆ ನಿನ್ನ ಹೆಂಡತಿ. ಬರಲಿಲ್ಲ ಅಂದ್ರೆ ಅಲ್ಲ. ಹೇಳು."

ಪೆದಾಯ ಹೆಂಡತಿಯ ಮುಖ ನೋಡಿದ. ಅವಳು ಗೋಡೆ ನೋಡುತ್ತಿದ್ದಳು. ಕಿಟಕಿಯಾಚೆ ಸೂರ್ಯ ಬೆಟ್ಟದ ಅಂಚಿಗೆ ತಗುಲಿದ್ದ.

"ಬೆವರ್ತಿದಾರೆ ನೋಡಿ!" ಎಂದಳು ತಾಬಿತಾ.

"ಪಾಠ ಹೇಳ್ಕೊಡು ಅಂತ ಪೀಡಿಸ್ತಿದ್ದೆ!" ಪೆದಾಯ ಕಿರುಚಿಯೇಬಿಟ್ಟ.

"ಯಾರು, ಯಾರಿಗೆ ಹೇಳ್ಕೊಡೋದು?"

"ಅವಳು... ನನಗೆ. ಅವರಪ್ಪ ಶಾಸ್ತ್ರದ ಸುರುಳಿ ನಕಲು ಮಾಡೋರು. ಕೇಳಿ ಕೇಳಿ ಅವಳಿಗೆಲ್ಲ ಬಾಯಿಪಾಠ. ಹಿಂದಿನ ಊರಲ್ಲಿ ಸಂಜೆ ಅವಳು ನನಗೆ ಹೇಳ್ಕೊಡೋದು, ಬೆಳಿಗ್ಗೆ ನಾನು ಮಕ್ಕಳಿಗೆ. ಸಾಕಾಯ್ತು, ಈ ಊರಿಗೆ ನಾನು ಬರಲ್ಲ ಅಂದ್ಬಿಟ್ಟಳು."

ನಕ್ದಿಮೋನನ ಮುಖ ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅರಳಿತು. "ಸರಿಹೋಯ್ತು! ಒಂದಕ್ಷರ ಹೆಚ್ಚುಕಡಿಮೆ ಇಲ್ಲ! ಈಕೆ ಇವನ ಹೆಂಡತೀನೇ!"

ಸಭೆಯಲ್ಲಿ ಸಂತೋಷದ ಗುಲ್ಲೆದ್ದಿತು. ಯಾರೋ ಪೆದಾಯನ ಬೆನ್ನು ತಟ್ಟಿದರು. ಇಪ್ಪತ್ತು ದಿನಗಳಲ್ಲಿ ಮೊದಲ ಸಲ ಅವನು ಉಸಿರನ್ನು ಪೂರ್ತಿ ಬಿಟ್ಟ.

ಆ ಗುಲ್ಲಿನ ನಡುವೆ ತಾಬಿತಾಳ ದನಿ ನಿಧಾನವಾಗಿ ಎದ್ದಿತು.

"ತಡೀರಿ. ಅದಕ್ಕೇನಾ ಮೇಷ್ಟ್ರು ಬಂದ ದಿನದಿಂದ ನನ್ನ ಮಗ ಪಾರಿವಾಳದ ಬಲಿಯ ಅದೊಂದೇ ಪಾಠ ಒಪ್ಪಿಸ್ತಿರೋದು? ಗಟ್ಟಿ ಮಾಡಿಸ್ತಿದಾರೆ ಅಂದ್ಕೊಂಡಿದ್ದೆನಲ್ಲ!"

 ಹಾಗಾದರೆ ಹೆಂಡತಿಯೇ ಪಾಠ ಹೇಳಲಿ ಎಂದರು ಯಾರೋ. ಹೆಂಗಸು ಮಕ್ಕಳಿಗೆ ಮೇಷ್ಟ್ರಾಗುವ ಹಾಗಿಲ್ಲ ಎಂದರು ಇನ್ಯಾರೋ. ಎಲ್ಲರೂ ನಕ್ದಿಮೋನನತ್ತ ತಿರುಗಿದರು.

ಅವನು ಪೆದಾಯನ ಹೆಗಲ ಮೇಲೆ ಕೈಯಿಟ್ಟ. ದನಿಯಲ್ಲಿ ನಿಜವಾದ ಅಕ್ಕರೆಯಿತ್ತು.

"ನಿನಗೆ ಹೆಂಡತಿ ಇದಾಳೆ ಅನ್ನೋದರಲ್ಲಿ ನಮಗಿನ್ನು ಚೂರೂ ಅನುಮಾನ ಇಲ್ಲ ಕಣಪ್ಪ. ಸಬ್ಬತ್ತು ಮುಗಿದ ಮೇಲೆ ಅವಳನ್ನ ಕರಕೊಂಡು ಹೊರಡು."