ಮಾರಿದ ಪುಸ್ತಕ ತಿದ್ದುವ ಮಾವ

ಪುಸ್ತಕ ಮಾರಲು ಊರೂರು ತಿರುಗುವ ಪ್ರಕಾಶಕರನ್ನು ನೀವು ಕಂಡಿರಬಹುದು. ಮಾರಿದ ಪುಸ್ತಕವನ್ನು ತಿದ್ದಲು ತಿರುಗುವವರು ನನಗೆ ಗೊತ್ತಿರುವಂತೆ ಒಬ್ಬರೇ. ನನ್ನ ಗ್ರಹಚಾರಕ್ಕೆ ಅವರು ನನ್ನ ಸೋದರಮಾವ!

ಅಫಜಲಪುರದ ಮನೆಯ ಪಡಸಾಲೆಯೇ ಅವರ ಕಂಪನಿ. ಮೋಟಾರ್ ವೈಂಡಿಂಗ್, ಹೊಲಿಗೆ ಯಂತ್ರ, ಹಿಟ್ಟಿನ ಗಿರಣಿ ಇಂಥ ಕಸುಬಿನ ಪುಸ್ತಕಗಳನ್ನಷ್ಟೇ ಅಚ್ಚು ಹಾಕಿಸುತ್ತಿದ್ದರು. ಕವನ ತಂದವರಿಗೆ ಚಹಾ ಕುಡಿಸಿ, "ಇದರಿಂದ ಏನರೆ ರಿಪೇರಿ ಆಗ್ತದೇನ್ರಿ?" ಎಂದು ಕೇಳಿ ಸಾಗಹಾಕುತ್ತಿದ್ದರು. ಈ ಪ್ರಬಂಧವನ್ನು ಅವರಿಗೆ ತೋರಿಸುವ ಧೈರ್ಯ ನನಗಂತೂ ಇಲ್ಲ.

ಕಂಪನಿಗೆ ಇದ್ದದ್ದು ಒಂದೇ ನಿಯಮ. ಕಸುಬಿನ ಗಂಧವೂ ಇಲ್ಲದ ನಮ್ಮ ಅತ್ತೆ ಪುಸ್ತಕ ಓದಿಕೊಂಡು ಯಂತ್ರ ಬಿಚ್ಚಿ ಜೋಡಿಸಬೇಕು. ಅದು ಓಡಿದರೆ ಮಾತ್ರ ಅಚ್ಚಿಗೆ! ಮಿಕ್ಸರ್ ಪುಸ್ತಕದ ಪರೀಕ್ಷೆ ನಡೆದ ತಿಂಗಳು ಆ ಮನೆಯಲ್ಲಿ ಚಟ್ನಿಯೇ ಇರಲಿಲ್ಲ. ಕೊನೆಗೆ ಎರಡು ಸ್ಕ್ರೂ ಉಳಿದವು.

"ಇವು ಎಲ್ಲಿವ್ರಿ?" ಎಂದರು ಅತ್ತೆ.

"ಪುಸ್ತಕದಾಗ ನೋಡು."

"ಪುಸ್ತಕದಾಗ ಇಲ್ಲೇ ಇಲ್ಲ. ಬರದಾವನ್ನ ಕರೀರಿ, ಚಟ್ನಿನೂ ಅವನೇ ಅರೀಲಿ!"

ಪಾಪ, ಲೇಖಕ ಬಂದು ಮೂರು ಪುಟ ಹೊಸದಾಗಿ ಬರೆದುಕೊಟ್ಟು ಹೋದ.

ಪಂಪ್‌ಸೆಟ್ ಪುಸ್ತಕದ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದಿದ್ದರು. "ಅಚ್ಚಾಗಿದ್ದು ನೋಡೇ ಹೋಗ್ತೇನ್ರಿ" ಎಂದರು. ಮಾವ ಮೊದಲ ಸಲ ನಿಯಮ ಮುರಿದು, ಪರೀಕ್ಷೆಯಿಲ್ಲದೆ ಅಚ್ಚು ಹಾಕಿಸಿದರು. ಅತ್ತೆ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ನಕ್ಕರು, ವಾರದೊಳಗೆ ತೀರಿಕೊಂಡರು. ಅದೇ ಕಂಪನಿಯ ಕೊನೆಯ ಪುಸ್ತಕವೂ ಆಯಿತು. ಈಗ ರಿಪೇರಿ ಕಲಿಸಲು ಮೊಬೈಲ್ ಇದೆಯಲ್ಲ!

ಆಮೇಲೊಂದು ದಿನ ಮಾವ ಆ ಪುಸ್ತಕ ತಿರುವುತ್ತಾ ಬೆವತುಬಿಟ್ಟರು. ಒಂದು ಚಿತ್ರದಲ್ಲಿ ಅರ್ಥಿಂಗ್ ತಂತಿ ಇರಬೇಕಾದಲ್ಲಿ ಕರೆಂಟಿನ ತಂತಿ ಇತ್ತು. ಹಾಗೇ ಜೋಡಿಸಿದವನು ಪಂಪು ಮುಟ್ಟಿದರೆ ಪ್ರಾಣವೇ ಹೋಗುತ್ತದೆ.

ಕೊಂಡವರ ಹೆಸರು, ಊರು ಬರೆದಿಟ್ಟಿದ್ದರು. ಕೆಂಪು ಪೆನ್ನು ಜೇಬಿಗೆ ಸಿಕ್ಕಿಸಿ ಹೊರಟರು. ಆಳಂದದಲ್ಲೊಬ್ಬ, ಕದ್ದ ಕರೆಂಟು ಹಿಡಿಯಲು ಬಂದ ಸಾಹೇಬರೆಂದು ತಿಳಿದು ಹಿತ್ತಲ ಬಾಗಿಲಿನಿಂದ ಓಡಿದ! ಕೊಳಕೂರದವನು ನಾಚುತ್ತ, "ನಾ ಇನ್ನಾ ಓದೇ ಇಲ್ರಿ" ಎಂದ. "ಭಾಳ ಛಲೋ ಮಾಡ್ದಿ!" ಎಂದು ಮಾವ ಅವನನ್ನು ಅಪ್ಪಿಕೊಂಡರು. ಓದದ ಓದುಗನನ್ನು ಅಪ್ಪಿಕೊಂಡ ಪ್ರಕಾಶಕ ಲೋಕದಲ್ಲಿ ಇನ್ನೊಬ್ಬನಿದ್ದಾನೆಯೇ?

ಕಳೆದ ತಿಂಗಳು, "ಗಾಣಗಾಪುರದಾಗ ಒಂದು ಉಳದದ" ಎಂದು ನನ್ನನ್ನೂ ಎಳೆದೊಯ್ದರು. ಅಲ್ಲಿ ಲಾಡ್ಜೊಂದರ ಪಕ್ಕದ ಮೋಟಾರ್ ಅಂಗಡಿಯವನು ಕುರ್ಚಿ ಒರೆಸಿ ಕೂರಿಸಿದ, ಪುಸ್ತಕ ತಂದುಕೊಟ್ಟ. ಮಾವ ಕೆಂಪು ಪೆನ್ನು ತೆಗೆದು ತಿದ್ದತೊಡಗಿದರು. ನಾನು ಬಗ್ಗಿ ನೋಡಿದೆ. ಆ ಚಿತ್ರವನ್ನು ಅದಾಗಲೇ ನಾಲ್ಕು ಸಲ ತಿದ್ದಲಾಗಿತ್ತು. ನಾಲ್ಕೂ ಮಾವನದೇ ಅಕ್ಷರ.

ಅಂಗಡಿಯವನು ನನ್ನನ್ನು ಪಕ್ಕಕ್ಕೆ ಕರೆದ. "ಪ್ರತಿ ತಿಂಗಳ ಬರ್ತಾರ್ರಿ. ತಿದ್ದಿದ್ದು ನೆನಪೇ ಇರಂಗಿಲ್ಲ. ಹೇಳಿದ್ರ ಎದಿ ಒಡಕೋತಾರ ಅಂತ ಸುಮ್ನ ಪುಸ್ತಕ ಕೊಡ್ತೇನಿ."

ಮರಳುವಾಗ ಬಸ್ಸಿನಲ್ಲಿ ಮಾವ ನನ್ನ ಕೈ ಹಿಡಿದರು. "ಇನ್ನ ಯಾರೂ ಸಾಯಂಗಿಲ್ಲಲ್ಲೋ?"

"ಯಾರೂ ಸಾಯಂಗಿಲ್ಲ, ಮಾಮಾ."

ಇಷ್ಟು ದಿನ ಅವರನ್ನು ಗೇಲಿ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಇವತ್ತು ಬೆಳಿಗ್ಗೆ ಪೆನ್ನು ಜೇಬಿಗಿಟ್ಟುಕೊಂಡು ಮತ್ತೆ ಬಾಗಿಲಲ್ಲಿ ನಿಂತಿದ್ದಾರೆ. "ಏಳೋ, ಗಾಣಗಾಪುರದಾಗ ಒಂದು ಉಳದದ."

ನಾನು ಮರೆಗೆ ಹೋಗಿ ಅಂಗಡಿಯವನಿಗೆ ಫೋನು ಮಾಡಿದೆ. "ಪುಸ್ತಕ ತಗದಿಡ್ರಿ. ಹೊಂಟೇವಿ."