ಸೀಮಂತಕ್ಕೆ ಬಡಿಸಿದ ಪಥ್ಯಮ್ಮ

"ಎಲ್ಲಾರೂ ಕಣ್ಣು ಮುಚ್ಕೊಳ್ಳಿ! ಸರ್ವಮಂಗಳಾ, ನೀನೂ ಮುಚ್ಕೋ!"

"ಒಲೆ ಮೇಲೆ ಹಾಲಿಟ್ಟಿದೀನಿ ಕಣ್ರೀ. ನಾನು ಕಣ್ಣು ಮುಚ್ಚಿದ್ರೆ ಅದು ಉಕ್ಕುತ್ತೆ."

ರೇಣುಕಾರಾಧ್ಯರು ಹೆಂಡತಿಯ ಮಾತನ್ನು ಎಂದು ಕಿವಿಗೆ ಹಾಕಿಕೊಂಡಿದ್ದರು, ಇಂದು ಹಾಕಿಕೊಳ್ಳಲು? ಪಂಚೆ ಎತ್ತಿ ಕಟ್ಟಿ, ಮೂರು ವಾರದಿಂದ ನಡುಮನೆಯ ಮೂಲೆಯಲ್ಲಿ ಜಮಖಾನ ಹೊದ್ದು ನಿಂತಿದ್ದ ಆಕೃತಿಯ ಮುಸುಕನ್ನು ಸರ್ರನೆ ಎಳೆದರು. ಆಫೀಸು ಕುರ್ಚಿಯ ಗಾಲಿ, ಸ್ಕೂಟರಿನ ಬ್ಯಾಟರಿ, ಹೊಟ್ಟೆಯ ಜಾಗದಲ್ಲಿ ಮದುವೆಮನೆಯಲ್ಲಿ ಪಲ್ಯ ಬಡಿಸುವ ನಾಲ್ಕು ಬಟ್ಟಲಿನ ಕ್ಯಾರಿಯರು, ಎರಡು ಉದ್ದನೆಯ ತಗಡಿನ ಕೈ, ಕೈಗೊಂದು ಸೌಟು. ತಲೆಯಿದ್ದ ಕಡೆ ಒಂದೇ ಒಂದು ಗಾಜಿನ ಕಣ್ಣು.

"ಇವಳ ಹೆಸರು ಪಥ್ಯಮ್ಮ! ಯಾವ ತಿಂಡೀಲಿ ಎಷ್ಟು ಸಕ್ಕರೆ, ಎಷ್ಟು ಪಿಷ್ಟ ಇದೆ ಅಂತ ಕಣ್ಣಲ್ಲೇ ಅಳೀತಾಳೆ. ನಿನ್ನ ತೋಳಿಗೆ ಅಂಟಿಸಿರೋ ಬಿಲ್ಲೆಯಿಂದ ರಕ್ತದ ಸಕ್ಕರೆ ಓದಿ ಹಣೆ ಮೇಲೆ ತೋರಿಸ್ತಾಳೆ. ಇನ್ನು ನಿಂಗೇನೂ ಯೋಚ್ನೆ ಬೇಡ ಕಣಮ್ಮಾ ಹೈಮಾ!"

ಸೊಸೆ ಹೈಮಾಳಿಗೆ ಯೋಚನೆ ಬಿಟ್ಟು ಬೇರೇನೂ ಇರಲಿಲ್ಲ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು, ಈಗ ಏಳು ತಿಂಗಳು. ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆ ಎಂದು ಡಾಕ್ಟರಮ್ಮ ಹೇಳಿದ ದಿನದಿಂದ ಅವಳಿಗೆ ಅನ್ನದ ಅಗುಳು ಕಂಡರೂ ಎದೆ ಹೊಡೆದುಕೊಳ್ಳುತ್ತಿತ್ತು. "ಸೋಮವಾರದವರೆಗೆ ನೋಡೋಣ. ಊಟದಲ್ಲೇ ಹತೋಟಿಗೆ ಬಂದ್ರೆ ಸರಿ, ಇಲ್ದಿದ್ರೆ ಇನ್ಸುಲಿನ್ ಕೊಡೋಣ. ಹೆದರೋದೇನಿಲ್ಲ," ಎಂದಿದ್ದರು ಅವರು. ಹೈಮಾಳ ಕಿವಿಯಲ್ಲಿ ಉಳಿದದ್ದು ಮಾತ್ರ ಅವರ ಇನ್ನೊಂದು ಮಾತು: ತಾಯಿಯ ಸಕ್ಕರೆ ಏರಿದರೆ ಮಗುವಿಗೂ ತೊಂದರೆ. ಮತ್ತೆ ಆ ಸೋಮವಾರದ ಹಿಂದಿನ ದಿನವೇ, ಅಂದರೆ ನಾಳೆಯೇ, ಸೀಮಂತ! ತುಮಕೂರಿನ ಅರ್ಧ ನೆಂಟರು ಸಿಹಿ ಹೊತ್ತು ಬರುವವರಿದ್ದರು.

ಸರ್ವಮಂಗಳಮ್ಮ ಪರೀಕ್ಷೆಗೆಂದು ತಟ್ಟೆಯಲ್ಲಿ ಒಂದು ತುಂಡು ಮೈಸೂರು ಪಾಕು ಇಟ್ಟರು. ಪಥ್ಯಮ್ಮನ ಕಣ್ಣು ಕೆಂಪಾಯಿತು. ತಗಡಿನ ಕೈ ಚಂಗನೆ ಬಂದು ಮೈಸೂರು ಪಾಕನ್ನು ಎತ್ತಿ ಕಿಟಕಿಯಿಂದಾಚೆ ಎಸೆಯಿತು. ಆಮೇಲೆ ಶಿಸ್ತಾಗಿ ಹೆಸರುಕಾಳಿನ ಕೋಸಂಬರಿ, ಮೆಂತ್ಯ ಸೊಪ್ಪಿನ ಪಲ್ಯ, ಗಟ್ಟಿ ಬೇಳೆ, ಒಂದೇ ಸೌಟು ನವಣೆ ಅನ್ನ ಬಡಿಸಿತು. ಹೈಮಾ ಬಾಯಿಬಿಟ್ಟು ನೋಡುತ್ತಾ ಕುಳಿತಳು. ಎಷ್ಟೋ ದಿನದ ಮೇಲೆ ಅವಳಿಗೆ ನಗು ಬಂತು.

"ಸಾಕು," ಎಂದಳು, ಕೋಸಂಬರಿ ಎರಡನೆಯ ಸಲ ಬಂದಾಗ.

ಪಥ್ಯಮ್ಮ ಇನ್ನೊಂದು ಸೌಟು ಹಾಕಿತು.

"ಸಾಕೂ..."

ಇನ್ನೆರಡು ಸೌಟು! ಹೈಮಾ ತಟ್ಟೆಗೆ ಅಂಗೈ ಅಡ್ಡ ಹಿಡಿದಳು. ಯಂತ್ರ ಅವಳ ಒಂದು ಬೆರಳನ್ನು ನಾಜೂಕಾಗಿ ಎತ್ತಿ, ಸಂದಿಯಲ್ಲಿ ಕೋಸಂಬರಿ ಇಳಿಸಿ, ಸರ್ವಮಂಗಳಮ್ಮನದೇ ದನಿಯಲ್ಲಿ, "ನಾಚ್ಕೋಬೇಡ, ಹಾಕಿಸ್ಕೋ ತಾಯಿ!" ಎಂದಿತು.

"ಇದೇನ್ರೀ ಇದು, ಸಾಕು ಅಂದ್ರೆ ಇನ್ನೂ ಹಾಕುತ್ತಲ್ಲ!"

"ಬಡಿಸೋದು ಕಲೀಲಿ ಅಂತ ನಮ್ಮ ಮನೆತನದ ಹದಿನೇಳು ಮದುವೆ ವಿಡಿಯೋ ತೋರಿಸಿದೀನಿ ಕಣೇ," ಎಂದರು ಆರಾಧ್ಯರು ಎದೆಯುಬ್ಬಿಸಿ. "ಹದಿನೇಳರಲ್ಲೂ ಯಾರಾದ್ರೂ ಸಾಕು ಅಂದಾಗ ನಾವು ಬಡಿಸೋದು ನಿಲ್ಸಿದೀವಾ? ಸಾಕು ಅಂದ ತಕ್ಷಣ ಸೌಟು ಎತ್ಕೊಂಡು ಹೋದ್ರೆ ಅದೂ ಒಂದು ಮರ್ಯಾದೆನಾ?"

ಸೊಪ್ಪು ಕಾಳು ಹೆಚ್ಚಾದರೆ ಹೊಟ್ಟೆ ಭಾರವಾದೀತು, ಅಷ್ಟೇ ತಾನೆ ಎಂದು ಹೈಮಾ ಸಮಾಧಾನ ಮಾಡಿಕೊಂಡಳು. ಎರಡು ಗಂಟೆ ಬಿಟ್ಟು ನೋಡಿದರೆ ಸಕ್ಕರೆ ನೂರಾ ಎಂಟು, ಡಾಕ್ಟರಮ್ಮ ಹಾಕಿದ ನೂರಾ ಇಪ್ಪತ್ತರ ಗೆರೆಯ ಒಳಗೇ! ಗಂಡ ಶಶಿಧರ ಅಪ್ಪನ ಕೈ ಕುಲುಕಿದ. ಹೈಮಾ ಮಾತ್ರ ಪಥ್ಯಮ್ಮನ ಸೌಟನ್ನೇ ನೋಡುತ್ತಿದ್ದಳು. ಕೋಸಂಬರಿಯ ಜಾಗದಲ್ಲಿ ಹೋಳಿಗೆ ಇದ್ದಿದ್ದರೆ?

ಭಾನುವಾರ ಹತ್ತೂವರೆಗೆ ಮನೆ ತುಂಬಿತು. ಹೈಮಾ ಹಸಿರು ರೇಷ್ಮೆ ಸೀರೆ, ಮೊಗ್ಗಿನ ಜಡೆ, ಕೈತುಂಬ ಬಳೆಯಲ್ಲಿ ಹಸೆಯ ಮೇಲೆ ಕೂತಿದ್ದಳು. ಮುಂದೆ ಕಾಯಿ ಹೋಳಿಗೆ, ಚಿರೋಟಿ, ಕರ್ಜಿಕಾಯಿ, ಸಜ್ಜಪ್ಪ ಸಾಲಾಗಿದ್ದವು. ಕಾಯಿಲೆಯ ವಿಷಯ ಬೇಕಾದವರಿಗೆಲ್ಲ ಹೇಳಿಬಿಡೋಣ ಎಂದರೆ ಅತ್ತೆ ಒಪ್ಪಿರಲಿಲ್ಲ. "ನಾಲ್ಕು ಜನಕ್ಕೆ ಗೊತ್ತಾದ್ರೆ ನಾಲ್ಕು ಥರ ಮಾತಾಡ್ತಾರೆ ಕಣೇ. ಇಷ್ಟಿಷ್ಟೇ ಬಾಯಿಗೆ ಹಾಕಿಸ್ಕೊಂಡು ಸುಮ್ನಿರು."

ಮೊದಲು ಬಂದವರು ಆರಾಧ್ಯರ ಅಕ್ಕ, ಕೊರಟಗೆರೆಯ ದೊಡ್ಡತ್ತೆ. ಅವರ ಮುಂದೆ ಆರಾಧ್ಯರು ಇಂದಿಗೂ ಕುರ್ಚಿಯ ಮೇಲೆ ಪೂರ್ತಿ ಕೂರುವುದಿಲ್ಲ. ದೊಡ್ಡತ್ತೆ ಅಂಗೈಯಗಲದ ಹೋಳಿಗೆ ತುಪ್ಪದಲ್ಲಿ ಅದ್ದಿ ಹೈಮಾಳ ಬಾಯಿಯ ಹತ್ತಿರ ತಂದರು. ಪಥ್ಯಮ್ಮನ ಕಣ್ಣು ಕೆಂಪಾಯಿತು. ಹೋಳಿಗೆ ಅವರ ಕೈಯಿಂದ ಹಾರಿ, ಕಿಟಕಿ ದಾಟಿ, ಪಕ್ಕದ ಮನೆಯ ತುಳಸಿಕಟ್ಟೆಯ ಮೇಲೆ ಬಿತ್ತು.

ಮನೆಯವರೆಲ್ಲ ಕಿಟಕಿಯ ಕಡೆ ಕತ್ತು ತಿರುಗಿಸಿದರು!

"ರೇಣುಕಾ!" ಎಂದರು ದೊಡ್ಡತ್ತೆ. "ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಾಡ್ಕೊಂಡು ಬಂದಿದೀನಿ ಕಣೋ. ಬಸುರಿ ಹೆಂಗಸಿನ ಬಯಕೆ ತೀರಿಸ್ದೆ ಹೋದ್ರೆ ಹುಟ್ಟೋ ಮಗೂಗೆ ಕಿವಿ ಸೋರುತ್ತೆ. ನಿಂಗೆ ಗೊತ್ತಿಲ್ವಾ?"

"ಅಕ್ಕ, ಅದು... ಸ್ವಲ್ಪ ಸ್ಕ್ರೂ ಬಿಗಿಯಾಗಿದೆ," ಎನ್ನುತ್ತ ಆರಾಧ್ಯರು ಓಡಿಬಂದರು. ಹೈಮಾ ಕಣ್ಣಲ್ಲೇ ಬೇಡ ಬೇಡ ಎಂದಳು. ಅವರು ನೋಡಲಿಲ್ಲ. ಪಥ್ಯಮ್ಮನ ಬೆನ್ನಿನ ಗುಂಡಿಯನ್ನು 'ಪಥ್ಯ'ದಿಂದ 'ಶುಭಕಾರ್ಯ'ಕ್ಕೆ ತಿರುಗಿಸಿಬಿಟ್ಟರು!

ಇನ್ನು ಕೇಳಬೇಕೆ! ಐವರು ಮುತ್ತೈದೆಯರು ಒಬ್ಬರಾದ ಮೇಲೊಬ್ಬರು ತುತ್ತಿಟ್ಟರು. ಅಷ್ಟರಲ್ಲಿ ಎಲೆಯೂ ಬಿತ್ತು. ಒಂದೇ ಕಣ್ಣಿನ ಪಥ್ಯಮ್ಮನಿಗೆ ಹೂವು, ರೇಷ್ಮೆ, ಹಸೆ ಎಲ್ಲ ಕಂಡು ಹೈಮಾ ಮದುಮಗಳೆಂದು ಖಾತ್ರಿಯಾಯಿತು. ಮದುಮಗಳ ಎಲೆ ಖಾಲಿ ಇರುವುದುಂಟೆ! ಎರಡು ಕೈಯಲ್ಲೂ ಹೋಳಿಗೆ ಹಿಡಿದು ಬಂದಿತು.

"ಸಾಕು!" ಎಂದಳು ಹೈಮಾ. ಎರಡು ಹೋಳಿಗೆ ಬಿದ್ದವು.

"ಸಾಕಪ್ಪಾ, ಆಗಲ್ಲ!" ಇನ್ನೆರಡು, ಅದರ ಮೇಲೆ ತುಪ್ಪ.

ಹಿಂದಿನ ಸಾಲಿನಲ್ಲೂ ಗಲಾಟೆ ಶುರುವಾಗಿತ್ತು. ಎಲೆ ಮಡಿಸಿದವರ ಎಲೆಯನ್ನು ಪಥ್ಯಮ್ಮ ಬಿಚ್ಚಿ ಮತ್ತೆ ಬಡಿಸುತ್ತಿತ್ತು. ಕೈತೊಳೆಯಲು ಎದ್ದ ಪುರೋಹಿತರನ್ನು ಭುಜ ಅದುಮಿ ಕೂರಿಸಿತು. ಗುಂಡಿ ತಿರುಗಿಸಲು ಬೆನ್ನ ಹಿಂದೆ ಹೋದ ಆರಾಧ್ಯರನ್ನು, "ಪಾಯಸ ಇನ್ನೂ ಬಂದಿಲ್ಲ, ಎಲ್ಲಿಗೆ ಹೊರಟ್ರಿ? ಕೂತ್ಕೊಳ್ಳಿ!" ಎಂದು ರಟ್ಟೆ ಹಿಡಿದು ಎಲೆಯ ಮುಂದೆ ಇಳಿಸಿತು. ಬಿಡಿಸಲು ಬಂದ ಶಶಿಧರನಿಗೂ ಅದೇ ಗತಿ!

"ಅದರ ಹಣೆ ಮೇಲೆ ಅದೇನೋ ನೂರಾ ಮೂವತ್ತೇಳು?" ದೊಡ್ಡತ್ತೆ ಕೇಳಿದರು.

"ವೋಲ್ಟೇಜು ಅಕ್ಕ," ಎಂದರು ಆರಾಧ್ಯರು, ಬಾಯಿತುಂಬ ಚಿರೋಟಿ ಇಟ್ಟುಕೊಂಡು.

ಹೈಮಾಳಿಗೆ ಗೊತ್ತಿತ್ತು ಅದು ಎಂಥ ವೋಲ್ಟೇಜೆಂದು. ನೋಡನೋಡುತ್ತಿದ್ದಂತೆ ನೂರಾ ನಲವತ್ತೊಂದಾಯಿತು. ಆಮೇಲೆ ನೂರಾ ನಲವತ್ತಾರು. ಹೊಟ್ಟೆಯೊಳಗೆ ಮಗು ಒದೆಯಿತು. ಮಾಮೂಲಿ ಒದೆತವೋ, ಸಂಕಟಕ್ಕೆ ಒದೆಯಿತೋ ಯಾರನ್ನು ಕೇಳುವುದು? ಪಕ್ಕದಲ್ಲಿದ್ದ ಅತ್ತೆ, "ಒಂದಿನ ತಾನೆ, ತಿಂದ ಹಾಗೆ ಮಾಡು," ಎಂದು ಪಿಸುಗುಟ್ಟಿದರು. ಹಿರಿಯರಿಗೆ ಎದುರಾಡಬಾರದು, ಬಡಿಸಿದ್ದನ್ನು ಬೇಡ ಅನ್ನಬಾರದು ಎಂದೇ ಬೆಳೆದವಳು ಹೈಮಾ. ಮೂವತ್ತು ವರ್ಷದಲ್ಲಿ ಅವಳು ಯಾರಿಗೂ ಮುಖಕ್ಕೆ ಮುಖ ಕೊಟ್ಟು ಇಲ್ಲ ಎಂದವಳಲ್ಲ. ಐದನೆಯ ಹೋಳಿಗೆ ಬಂತು. ತಗಡಿನ ಬೆರಳು ಅವಳ ಬೆರಳನ್ನು ಎತ್ತತೊಡಗಿತು.

ಹೈಮಾ ಎದ್ದು ನಿಂತಳು.

"ಬೇಡ!" ದನಿ ಬೀದಿಯವರೆಗೂ ಕೇಳಿಸಿತು. "ನಂಗೆ ಸಕ್ಕರೆ ಕಾಯಿಲೆ ಬಂದಿದೆ. ಅದು ವೋಲ್ಟೇಜಲ್ಲ ದೊಡ್ಡತ್ತೆ, ನನ್ನ ರಕ್ತ. ಆರು ವರ್ಷ ಕಾದಿದೀನಿ ನಾನು ಈ ಮಗೂಗೆ. ಯಾರೂ ನನ್ನ ಎಲೆಗೆ ಇನ್ನೇನೂ ಹಾಕ್ಬೇಡಿ. ನಂಗೆ ಬೇಡ ಅಂದ್ರೆ ಬೇಡ!"

ಪಥ್ಯಮ್ಮ ಅಲ್ಲಿಗೇ ನಿಂತಿತು. ಅದರ ತಲೆಯೊಳಗೆ ಏನೋ ಗರಗರ ತಿರುಗಿತು. ಊಟದ ನಡುವೆ ಎದ್ದು ನಿಂತು ಕೂಗಿದ್ದನ್ನು ಅದು ಹದಿನೇಳು ಮದುವೆಗಳಲ್ಲಿ ಒಂದೇ ಒಂದು ಕಡೆ ನೋಡಿತ್ತು. ಆರಾಧ್ಯರ ಸೋದರತ್ತೆಯ ಮಗನ ಮದುವೆಯಲ್ಲಿ ಬೀಗರಿಗೂ ಬೀಗರಿಗೂ ಜಗಳವಾಗಿ, ಸಂಬಂಧವೇ ಮುರಿದು, ಹೆಣ್ಣಿನ ಕಡೆಯವರು ಅಡುಗೆಯನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಹೋಗಿದ್ದರು!

"ಈ ಸಂಬಂಧ ನಮಗೆ ಬೇಡ!" ಎಂದು ಕಿರುಚಿತು ಪಥ್ಯಮ್ಮ. "ಎತ್ತಿ ಪಾತ್ರೆ! ಗಾಡಿ ಹತ್ತಿ!"

ನಲವತ್ತು ಎಲೆಯ ಸಿಹಿ ಕಣ್ಣು ಮಿಟುಕಿಸುವುದರೊಳಗೆ ಪಾತ್ರೆಗೆ ವಾಪಸು. ಪುರೋಹಿತರ ಅರ್ಧ ಕಚ್ಚಿದ ಕರ್ಜಿಕಾಯಿ ಅವರ ಹಲ್ಲಿನಿಂದಲೇ ಹೋಯಿತು. ಆರಾಧ್ಯರ ಬಾಯಿಯಲ್ಲಿದ್ದ ಚಿರೋಟಿಗೂ ಸೌಟು ಹಾಕಿ ನೋಡಿತು. ಎಲ್ಲವನ್ನೂ ಗಾಲಿಯ ಮೇಲೆ ಹೇರಿಕೊಂಡು ಹೊರಗೆ ಹೋಗಿ, ಗೇಟಿನ ಹತ್ತಿರ ಬಾರದ ವ್ಯಾನಿಗೆ ಕಾಯುತ್ತ ನಿಂತಿತು.

ಸರ್ವಮಂಗಳಮ್ಮ ಒಳಗೆ ಹೋದವರು ದೊಡ್ಡ ಬೋಗುಣಿ ತುಂಬ ಕೋಸಂಬರಿ, ಮಜ್ಜಿಗೆ ತಂದರು. ಸೊಸೆಯ ಎಲೆಗೆ ಎರಡು ಸೌಟು ಹಾಕಿದರು. ಮೂರನೆಯದಕ್ಕೆ ಕೈ ಎತ್ತಿ, ಅಷ್ಟರಲ್ಲೇ ನಿಲ್ಲಿಸಿ, "ಹಾಕ್ಲೇನೇ?" ಎಂದು ಕೇಳಿದರು.

"ಸಾಕು ಅತ್ತೆ."

ಸೌಟು ಬೋಗುಣಿಗೆ ಹೋಯಿತು.

ಊಟವಾದ ಮೇಲೆ ಡಾಕ್ಟರಮ್ಮ ಹೇಳಿದಂತೆ ಅವಳು ತಾರಸಿಯ ಮೇಲೆ ನಡೆಯತೊಡಗಿದಳು. ಹಿಂದೆಯೇ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ದೊಡ್ಡತ್ತೆ! ಬೈಸಿಕೊಳ್ಳಲು ಹೈಮಾ ಸಿದ್ಧವಾಗಿ ತಲೆ ತಗ್ಗಿಸಿದಳು. ಮುದುಕಿ ಅವಳ ಪಕ್ಕ ಎರಡು ಸುತ್ತು ನಡೆದರು.

"ಹ್ಯಾಗ್ ಅಂದ್ಯೇ ಬೇಡ ಅಂತ?" ಎಂದರು ಕೊನೆಗೆ, ತಗ್ಗಿದ ದನಿಯಲ್ಲಿ. "ಹನ್ನೊಂದು ವರ್ಷ ಆಯ್ತು ನಂಗೆ ಸಕ್ಕರೆ ಕಾಯಿಲೆ. ಹೋದ ಕಡೆಯೆಲ್ಲ ಬಡಿಸ್ತಾರೆ, ತಿಂದು ಬರ್ತೀನಿ. ಮನೆಗೆ ಬಂದು ಅಳ್ತೀನಿ."

ಹೈಮಾ ಅವರ ಕೈ ಹಿಡಿದುಕೊಂಡಳು. ಇಬ್ಬರೂ ಅರ್ಧ ಗಂಟೆ ನಡೆದರು. ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿದಾಗ ಹೈಮಾಳದು ನೂರಾ ಹದಿನೇಳು. ದೊಡ್ಡತ್ತೆಯದು ಎಷ್ಟೆಂದು ಅವರು ಹೇಳಲಿಲ್ಲ, ಆದರೆ ಸೋಮವಾರ ಬೆಳಿಗ್ಗೆ ತಾವೂ ಆಸ್ಪತ್ರೆಗೆ ಬರುತ್ತೇನೆಂದರು.

ಸೋಮವಾರ ಡಾಕ್ಟರಮ್ಮ ಹೈಮಾ ಸಕ್ಕರೆ ಬರೆದಿಟ್ಟಿದ್ದ ಪುಸ್ತಕ ತಿರುವಿ ಹಾಕಿದರು. "ಚೆನ್ನಾಗಿದೆ. ಇನ್ಸುಲಿನ್ ಸದ್ಯಕ್ಕೆ ಬೇಡ, ಊಟ ಹೀಗೇ ನಡೀಲಿ. ಮಗು ಬೆಳವಣಿಗೇನೂ ಸರಿಯಾಗಿದೆ." ಹೈಮಾ ಅಲ್ಲೇ ಕುರ್ಚಿಯ ಮೇಲೆ ಅತ್ತುಬಿಟ್ಟಳು.

ಮನೆಗೆ ಬಂದರೆ ಗೇಟಿನಲ್ಲಿ ಪಥ್ಯಮ್ಮ ಇನ್ನೂ ಪಾತ್ರೆ ಹಿಡಿದು ನಿಂತೇ ಇತ್ತು. ಗಂಡಿನ ಕಡೆಯವರು ಕ್ಷಮೆ ಕೇಳುವ ತನಕ ಜಾಗ ಬಿಟ್ಟು ಕದಲುವುದಿಲ್ಲವಂತೆ! ಆರಾಧ್ಯರು ಹೆಗಲ ಮೇಲೆ ಶಲ್ಯ ಹಾಕಿ, ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಇಟ್ಟುಕೊಂಡು ಅದರ ಮುಂದೆ ಕೈಮುಗಿದು ನಿಂತಿದ್ದರು. "ನಮ್ಮಿಂದ ತಪ್ಪಾಯ್ತು ತಾಯಿ, ದೊಡ್ಡ ಮನಸ್ಸು ಮಾಡಿ ಒಳಗೆ ಬನ್ನಿ."

ಸರ್ವಮಂಗಳಮ್ಮ ಹೊಸಿಲ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು.

"ಬೆಳಿಗ್ಗೆಯಿಂದ ಇದು ಒಂಬತ್ತನೇ ಸಲ ಕಣೇ ಹೈಮಾ," ಎಂದರು. "ಕೇಳ್ಲಿ ಬಿಡು. ಮೂವತ್ತೆಂಟು ವರ್ಷದಿಂದ ನನ್ನ ಹತ್ರ ತಪ್ಪಾಯ್ತು ಅನ್ನೋಕೆ ಬರ್ತಿರ್ಲಿಲ್ಲ, ಈಗ ಅಭ್ಯಾಸ ಆಗ್ತಾ ಇದೆ."